ಅಲೆ ಏರುವವರಿಗೆ ಬುದ್ಧಿ ಹೇಳುವುದು

ನನಗೂ ನೀರಿಗೂ ಇರುವ ಸಂಬಂಧ ಒಂದು ಚೊಂಬಿನಷ್ಟು. ಪಂಚವಟಿಗೆ ಹೋದರೂ ಗೋದಾವರಿಗೆ ಇಳಿಯದೆ, ಮೆಟ್ಟಿಲ ಮೇಲೆ ಭದ್ರವಾಗಿ ಕೂತು, ಚೊಂಬಿನಿಂದ ತಲೆಗೆ ಹೊಯ್ದುಕೊಂಡು ಪುಣ್ಯ ಕಟ್ಟಿಕೊಂಡು ಬರುವವನು ನಾನು. ಕಲಬುರಗಿಯ ಬಿಸಿಲಲ್ಲಿ ಬೆಳೆದು, ಬ್ಯಾಂಕಿನ ವರ್ಗಾವಣೆಯಲ್ಲಿ ನಾಸಿಕ ಸೇರಿದವನಿಗೆ ಸಮುದ್ರದ ಉಸಾಬರಿ ಯಾಕೆ ಹೇಳಿ? ಆದರೆ ನನ್ನ ಮಗಳು ಸ್ನೇಹಾ, ಹಲಗೆಯ ಮೇಲೆ ನಿಂತು ಅಲೆ ಏರುವ ಸರ್ಫಿಂಗ್ ಕಲಿಯಲು ಕೊಂಕಣಕ್ಕೆ ಹೋಗುತ್ತೇನೆಂದು ಹಟ ಹಿಡಿದಳು.

"ಅಪ್ಪಾ, ಟೆನ್ಶನ್ ನಕೋ. ನನಗ ಈಜು ಬರ್ತದಲ್ಲ!"

ಈಜುಕೊಳದ ಈಜು! ಹೂಂ ಎನ್ನಲು ಭಯ, ಊಹೂಂ ಎನ್ನಲು ಅವಳ ಮುಖ ನೋಡಿದರೆ ಮನಸ್ಸು ಬಾರದು. ಕಡೆಗೆ, ಮನೆಮಂದಿಯೆಲ್ಲ ಒಂದೇ ಖಾತೆಯಲ್ಲಿ ಬಳಸುವ ಎಐ ಸಹಾಯಕನನ್ನು, ಸರ್ಫಿಂಗ್ ಕಲಿಯಲು ಹೋಗಬಹುದೇ ಎಂದು ಕೇಳಿದೆ. ಈಜು ಬರುತ್ತದೆಯೇ, ವಯಸ್ಸೆಷ್ಟು, ಮೈಯಲ್ಲಿ ನೋವಿದೆಯೇ ಎಂದು ಅದು ತಿರುಗಿ ಕೇಳಿತು. ಎದುರಿಗೆ ಕೂತವರ ವಿವರವನ್ನೇ ಬರೆದುಕೊಳ್ಳುವುದು ಬ್ಯಾಂಕಿನವರ ಅಭ್ಯಾಸ. ಇಲ್ಲಿ ಎದುರಿಗೆ ಕೂತವನು ನಾನೇ ಆದ್ದರಿಂದ, ಮಗಳದ್ದರ ಬದಲು ನನ್ನದನ್ನೇ ಹೇಳಿಬಿಟ್ಟೆ: ಈಜು ಬಾರದು, ಐವತ್ತಾರು, ಮೊಣಕಾಲು ನೋವು. ಶುರುವಾಯಿತು ನೋಡಿ, ಸೆಳೆತ, ಬಂಡೆ, ಹಲಗೆಯ ಪೆಟ್ಟು! ನನಗೆ ಖುಷಿಯೋ ಖುಷಿ.

"ನೋಡವ್ವಾ, ಮಷಿನ್ನೂ ಬ್ಯಾಡ ಅಂತದ" ಎಂದು ಫೋನನ್ನು ಅವಳ ಕೈಗಿಟ್ಟೆ.

ಅವಳು ಅದರ ಕೆಳಗೇ, 'ನನಗೆ ಹೋಗಲೇಬೇಕು, ಧೈರ್ಯ ಹೇಳು' ಎಂದು ಬರೆದಳು. ಕೇಳಿದವರು ಇಬ್ಬರು ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು, ಪಾಪ! ಐವತ್ತಾರರಲ್ಲಿ ಇಷ್ಟು ಆಸೆ ಇರುವುದು ಸಂತೋಷದ ಸಂಗತಿ, ಕಲಿಸುವವರ ಜೊತೆ ಲೈಫ್ ಜಾಕೆಟ್ ಹಾಕಿಕೊಂಡು ಸೊಂಟದ ನೀರಿನಲ್ಲಿ ಅಲೆಯ ಪರಿಚಯ ಮಾಡಿಕೊಳ್ಳಿ, ಅವರು ಬೇಡವೆಂದ ದಿನ ಇಳಿಯಬೇಡಿ ಎಂದಿತು.

"ಅಪ್ಪಾ, ನಿಮಗಽ ಪರ್ಮಿಶನ್ ಸಿಕ್ತು, ನಡೀರಿ!" ಎಂದು ಸ್ನೇಹಾ ಬಿದ್ದು ಬಿದ್ದು ನಕ್ಕಳು. ಒಳಗಿಂದ ನನ್ನ ಹೆಂಡತಿ, "ಮಗಳ ಹಿಂದ ಹೋಗಿ ಬರ್ರಿ, ಇಲ್ಲೇ ಕುಂತು ನನ್ನ ತಲಿ ತಿನಬ್ಯಾಡ್ರಿ" ಎಂದಳು.

ಮಗಳ ಜೊತೆ ಕೊಂಕಣದ ಬಸ್ಸಿನಲ್ಲಿ ಕೂತು ತಲೆ ಕೆಡಿಸಿಕೊಂಡೆ. ಬರೀ ಶಹಬ್ಬಾಸ್ ಎಂದರೆ ಹುಡುಗರು ಮುಳುಗುತ್ತಾರೆ. ಬರೀ ಹುಷಾರ್ ಎಂದರೆ ಕೇಳುವುದನ್ನೇ ಬಿಡುತ್ತಾರೆ. ಎರಡನ್ನೂ ಹೇಳಿದರೆ ಮ್ಯೂಚುವಲ್ ಫಂಡಿನ ಜಾಹೀರಾತಾಗುತ್ತದೆ; ಕೊನೆಗೆ ಉಸಿರು ಬಿಡದೆ ಓದುವ ಆ ಎಚ್ಚರಿಕೆಯನ್ನು ಬ್ಯಾಂಕಿನವನಾದ ನಾನೇ ಪೂರ್ತಿ ಕೇಳಿಸಿಕೊಂಡಿಲ್ಲ. ಹಾಗಾದರೆ ಆ ಎಐ ಏನು ಹೇಳಬೇಕಿತ್ತು? ಅದೂ ನನ್ನ ಹಾಗೆ ಸಮುದ್ರಕ್ಕೆ ಇಳಿದದ್ದಲ್ಲ.

ಕಡಲಿನಲ್ಲಿ ಸ್ನೇಹಾ ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಕಲಿಸುವವನು ಪಕ್ಕದಲ್ಲೇ ಇದ್ದರೂ ನನ್ನ ಜೀವ ಕೈಯಲ್ಲಿತ್ತು. ಜಾಕೆಟ್ ತೊಟ್ಟು ಸೊಂಟದ ನೀರಿನಲ್ಲಿ ಶಿವಶಿವಾ ಎನ್ನುತ್ತ ನಿಂತಿದ್ದೆ. ಅಷ್ಟರಲ್ಲಿ ಅವಳು ಹಲಗೆಯ ಮೇಲೆ ನೆಟ್ಟಗೆ ನಿಂತುಬಿಟ್ಟಳು!

"ಭಲೇ ನನ್ನವ್ವಾ! ಇನ್ನೊಂದು ಅಲೆ ಹತ್ತು!" ಎಂದು ಕೂಗುತ್ತ ಮುಂದೆ ನುಗ್ಗಿದೆ. ನೀರು ಎದೆಗೆ ಬಂದದ್ದೂ ತಿಳಿಯಲಿಲ್ಲ.

"ಅಪ್ಪಾ, ಮುಂದ ಬರಬ್ಯಾಡ್ರಿ! ಹಿಂದ ಸರೀರಿ!" ಎಂದು ಅವಳು ಹಲಗೆಯ ಮೇಲಿಂದಲೇ ಕಿರುಚಿದಳು.

ಹಿಂದೆ ಸರಿದೆ. ಶಹಬ್ಬಾಸ್ ಯಾರು ಹೇಳಬೇಕು, ಹುಷಾರ್ ಯಾರು ಹೇಳಬೇಕು ಎಂಬುದು ನನಗೆ ಈಗಲೂ ಗೊಂದಲವೇ. ಆದರೆ ಹೇಳುವವರ ಬಟ್ಟೆಯೂ ಒಂದಿಷ್ಟು ಒದ್ದೆಯಾಗಿರಬೇಕು ಅಂತ ಕಾಣುತ್ತದೆ.