ಮೂಗಿನ ಮೇಸ್ತ್ರಿಯನ್ನು ನಂಬಿದ ಬೀದಿ

ಆ ಬೀದಿಯಲ್ಲಿ ಯಾರ ಮನೆಯ ಹಾಲು ತಳ ಹಿಡಿಯಿತು, ಯಾರ ಮನೆಯ ಚರಂಡಿ ಕಟ್ಟಿಕೊಂಡಿತು, ಯಾವ ಮಗ ಅಪ್ಪನಿಗೆ ತಿಳಿಯದಂತೆ ಸಿಗರೇಟು ಸೇದಿ ಬಂದ ಎಂಬುದನ್ನೆಲ್ಲ ಹೊಸ್ತಿಲು ದಾಟದೆಯೇ ಹೇಳಬಲ್ಲವನು ಒಬ್ಬನಿದ್ದ. ಎಲ್ಲರೂ ಅವನನ್ನು ಮೂಗಿನ ಮೇಸ್ತ್ರಿ ಎನ್ನುತ್ತಿದ್ದರು. ಕಂಡವರ ವಿಷಯದಲ್ಲಿ ಮೂಗು ತೂರಿಸುವವರಿಗೆ ಎಲ್ಲಿಯೂ ಬರವಿಲ್ಲ. ಆದರೆ ಮೂಗು ತೂರಿಸಿದ್ದಕ್ಕೆ ಸಂಬಳ ಎಣಿಸಿಕೊಂಡವನು ಇವನೊಬ್ಬನೇ ಇರಬೇಕು.

ಅವನ ಕೆಲಸವೇ ಅಂಥದ್ದು. ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಒಂದು ಹುಲ್ಲಿನ ಪಟ್ಟಿ, ಅದರಡಿ ಆಳುದ್ದ ಮಣ್ಣಿನ ಕೆಳಗೆ ಕಚ್ಚಾ ಎಣ್ಣೆ ಹರಿಯುವ ಪೈಪು. ಪೈಪು ಹೂಳುವಾಗ ಅಲ್ಲಿ ಬರೀ ಪೊದೆ. ಆಮೇಲೆ ಒಂದು ಮನೆ ಬಂತು, ಅದನ್ನು ನೋಡಿ ಇನ್ನೊಂದು ಬಂತು, ಕೊನೆಗೆ ಪೈಪಿನ ಮೇಲೆಯೇ ಜನ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದರು. ಮೇಸ್ತ್ರಿ ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ಆ ಪಟ್ಟಿಯ ಮೇಲೆ ನಡೆಯುತ್ತಿದ್ದ. ಅಲ್ಲಲ್ಲಿ ನಿಂತು ಸಲಾಕೆಯನ್ನು ಮಣ್ಣಿಗೆ ಚುಚ್ಚಿ, ಮೇಲೆಳೆದು, ತುದಿಯನ್ನು ಮೂಗಿಗೆ ಹಿಡಿಯುತ್ತಿದ್ದ. ಮಣ್ಣಿನ ವಾಸನೆ ಬಂದರೆ ಮುಂದಕ್ಕೆ, ಎಣ್ಣೆಯ ವಾಸನೆ ಬಂದರೆ ಅಗೆಯುವವರಿಗೆ ಕರೆ. ಒಂದು ಜಾಗದ ವಾಸನೆ ಇನ್ನೊಂದಕ್ಕೆ ಅಂಟಬಾರದು, ಆದ್ದರಿಂದ ಮೂಸಿದ ಕೂಡಲೇ ಜೇಬಿನ ಚಿಂದಿಬಟ್ಟೆಯಿಂದ ತುದಿಯನ್ನು ಒರೆಸಿಬಿಡಬೇಕು. ಮೇಸ್ತ್ರಿಯ ಕೈ ಅದನ್ನು ಕಣ್ಣು ಮಿಟುಕಿಸಿದಷ್ಟು ಸಲೀಸಾಗಿ ಮಾಡುತ್ತಿತ್ತು.

ಹಿಂದೊಮ್ಮೆ ಬೇಕರಿಯವನ ಹಿತ್ತಿಲಲ್ಲಿ ಯಾವ ಮೀಟರಿಗೂ ತಿಳಿಯದ ಸೋರಿಕೆಯನ್ನು ಅವನು ಹಿಡಿದಿದ್ದ. ಅಂದಿನಿಂದ ಅವನ "ಏನೂ ಇಲ್ಲ" ಎಂಬ ಮಾತಿಗೆ ಮೊಹರಿನ ಬೆಲೆ ಬಂದಿತ್ತು. "ಮೇಸ್ತ್ರಿ ಬಂದು ಹೋದ್ರಾ? ಏನಂದ್ರು?" ಎಂದು ಹೆಂಗಸರು ಗೋಡೆಯಾಚೆಯಿಂದ ಕೇಳಿಕೊಂಡು ನಿಶ್ಚಿಂತೆಯಿಂದ ಒಲೆ ಹಚ್ಚುತ್ತಿದ್ದರು.

ಗಂಡ ತೀರಿಕೊಂಡ ತಂಗಿಗೆ ಅದೇ ಬೀದಿಯ ಕೊನೆಯ ಮನೆಯನ್ನು ನೋಡಿಕೊಟ್ಟವನೂ ಅವನೇ. ಬಟ್ಟೆ ಹೊಲಿದು ಬದುಕುವ ಹೆಂಗಸು. ಹಿತ್ತಿಲ ಗೋಡೆಗೆ ಅಂಟಿಕೊಂಡೇ ಪೈಪು ಹೋಗಿದೆ ಎಂದು ತಿಳಿದಾಗ ಅವಳು ಹಿಂದೆಮುಂದೆ ನೋಡಿದ್ದಳು. ಮೇಸ್ತ್ರಿ ಎದೆ ತಟ್ಟಿ, "ನಾನಿಲ್ವೇನೇ?" ಎಂದಿದ್ದ. ಅಣ್ಣನ ಮಾತು ಕೇಳಿ ಅವಳು ಸಾಮಾನು ಇಳಿಸಿದ್ದಳು.

ಮುಂದೆ ಎಲ್ಲೋ ದೂರದಲ್ಲಿ ಆ ಪೈಪು ಒಡೆದು ಕೆರೆಯೊಂದು ಕಪ್ಪಾಯಿತು. ಹಳೆಯ ಪೈಪು, ತುಕ್ಕು ತಿಂದಿದೆ ಎಂದು ಇಡೀ ಲೈನನ್ನೇ ಮುಚ್ಚಿದರು. ಮೇಸ್ತ್ರಿ ಸಲಾಕೆಯನ್ನು ಬಾಗಿಲ ಮೂಲೆಗೆ ಒರಗಿಸಿ ಮನೆಯಲ್ಲಿ ಕುಳಿತ. ಹಾಗೆ ಕುಳಿತವನಿಗೆ ಒಂದು ಕೆಟ್ಟ ಜ್ವರ ಬಂತು. ನೆಗಡಿಯಾಯಿತೆಂದು ಯಾರೂ ಮೂಗು ಕೊಯ್ದುಕೊಳ್ಳುವುದಿಲ್ಲ, ಸರಿ. ಈ ಜ್ವರ ಮಾತ್ರ ಮೂಗನ್ನು ಮುಖದ ಮೇಲೆಯೇ ಬಿಟ್ಟು ಅದರೊಳಗಿನ ಕಸುವನ್ನಷ್ಟೇ ಕೊಯ್ದುಕೊಂಡು ಹೋಯಿತು. ಸಾಬೂನು, ಹೊಗೆ, ಮಳೆ ಬಿದ್ದ ಮಣ್ಣು, ಯಾವುದಕ್ಕೂ ವಾಸನೆಯೇ ಇಲ್ಲ.

ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಊಟಕ್ಕೆ ಕುಳಿತರೆ ಮೊದಲು ಅವಳ ಮುಖ ನೋಡುತ್ತಿದ್ದ. ಮುಖದಲ್ಲಿ ಗೆಲುವಿದ್ದರೆ, "ಆಹಾ, ಬೀದಿ ತುಂಬ ಘಮಘಮ!" ಎನ್ನುತ್ತಿದ್ದ. ಹುಬ್ಬು ಗಂಟಿಕ್ಕಿದ್ದರೆ, "ಯಾಕೋ ಸ್ವಲ್ಪ ಸೀದಿದೆ" ಎನ್ನುತ್ತಿದ್ದ. ಕಳೆದುಹೋದ ಮೂಗನ್ನು ಕಣ್ಣಿನಿಂದ ತುಂಬಿಕೊಳ್ಳುವ ಈ ಜಾಣತನ ಅವನಿಗೇ ಒಂದು ಬಗೆಯ ಹೆಮ್ಮೆಯಾಗಿತ್ತು. ಕೆಲಸ ಹೋಯಿತು, ವಯಸ್ಸು ಹೋಯಿತು, ಇನ್ನು ಉಳಿದಿರುವುದು ಒಂದು ಹೆಸರು. ಅದನ್ನೂ ಬಿಟ್ಟರೆ ತಾನು ಯಾರು ಎಂಬುದು ಅವನ ಲೆಕ್ಕಾಚಾರ. ಬೀದಿಯವರಿಗೆ ಅದರಿಂದ ನಷ್ಟವೂ ಇರಲಿಲ್ಲ, ಲೈನು ಮುಚ್ಚಿಯೇ ಇರುವ ತನಕ.

ಹೊಸ ಕಂಪನಿಯೊಂದು ಲೈನು ಕೊಂಡಿತು. ಮತ್ತೆ ಶುರು ಮಾಡುತ್ತೇವೆ ಎಂದು ಶಾಲೆಯ ಸಭಾಂಗಣದಲ್ಲಿ ಬೀದಿಯವರನ್ನು ಕೂಡಿಸಿತು. ಬಂದವಳು ಚಿಕ್ಕ ವಯಸ್ಸಿನ ಎಂಜಿನಿಯರು. ಜನ ಕೂಗಾಡಿದರೂ ಅವಳು ಬೆಣ್ಣೆ ಹಚ್ಚುವ ಮಾತಾಡಲಿಲ್ಲ.

"ನೀರು ತುಂಬಿ ಒತ್ತಡ ಕೊಟ್ಟು ನೋಡಿದೀವಿ, ತಡ್ಕೊಂಡಿದೆ. ಆದ್ರೂ ಹಳೇ ಪೈಪು, ಸುಳ್ಳು ಹೇಳಲ್ಲ. ಮೊದಲು ಕಡಿಮೆ ಒತ್ತಡದಲ್ಲಿ ಎಣ್ಣೆ ಬಿಡ್ತೀವಿ. ಎಲ್ಲ ಸರಿ ಇದ್ರೆ ಸೋಮವಾರ ಪೂರ್ತಿ ಒತ್ತಡ. ದೊಡ್ಡ ಸೋರಿಕೆಯಾದ್ರೆ ಮೀಟರ್ ಹೇಳುತ್ತೆ. ತೊಟ್ಟು ತೊಟ್ಟು ಒಸರಿದ್ರೆ ಅದಕ್ಕೂ ಗೊತ್ತಾಗಲ್ಲ. ಅದಕ್ಕೇ, ಸ್ವಲ್ಪ ವಾಸನೆ ಬಂದ್ರೂ ಫೋನ್ ಮಾಡಿ, ಯಾರೇ ಆಗ್ಲಿ."

ಎಣ್ಣೆ ಬಿಟ್ಟ ಮಾರನೆಯ ದಿನವೇ ಫೋನ್ ಮಾಡಿದವಳು ತಂಗಿ. ಹಿತ್ತಿಲಲ್ಲಿ ಕೊಳೆತ ಮೊಟ್ಟೆಗೆ ಸೀಮೆಎಣ್ಣೆ ಸುರಿದಂಥ ವಾಸನೆ ಬರುತ್ತಿದೆ ಎಂದಳು. ಎಂಜಿನಿಯರು ಬಂದಳು, ಹಿಂದೆಯೇ ಬೀದಿಯೂ ಬಂತು. ಗಾಳಿ ಜೋರಾಗಿತ್ತು. ಒಬ್ಬರು ಬರುತ್ತಿದೆ ಎಂದರೆ ಇನ್ನೊಬ್ಬರು ಇಲ್ಲ ಎಂದರು.

"ನಮ್ಮ ಮೇಸ್ತ್ರಿ ಇರುವಾಗ ನಾವ್ಯಾಕೆ ತಲೆ ಕೆಡಿಸ್ಕೋಬೇಕು?" ಎಂದ ಬೇಕರಿಯವನು. "ಕರೀರಿ ಅವರನ್ನ. ಅವರು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ."

ಮೇಸ್ತ್ರಿ ಸಲಾಕೆ ಹಿಡಿದು ಬಂದ. ಜನ ದಾರಿ ಬಿಟ್ಟರು. ಎಷ್ಟೋ ದಿನದ ಮೇಲೆ ಸಿಕ್ಕ ಆ ಮರ್ಯಾದೆ ಅವನ ಬೆನ್ನನ್ನು ನೆಟ್ಟಗೆ ಮಾಡಿತು. ತಂಗಿಯ ಗೋಡೆಯ ಬುಡದಲ್ಲಿ ಸಲಾಕೆ ಚುಚ್ಚಿದ, ಎಳೆದ, ತುದಿಯನ್ನು ಮೂಗಿಗೆ ಹಿಡಿದು ಉಸಿರೆಳೆದ. ಕಬ್ಬಿಣ ತಣ್ಣಗಿತ್ತು. ಅಷ್ಟೇ. ಅವನಿಗೆ ಗೊತ್ತಾದದ್ದು ಅಷ್ಟೇ.

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು: ನನಗೆ ಗೊತ್ತಾಗುತ್ತಿಲ್ಲ, ಬೇರೆ ಯಾರಾದರೂ ಮೂಸಿ. ಆ ಮಾತು ಗಂಟಲವರೆಗೆ ಬಂತು ಕೂಡ. ಆದರೆ ಇಡೀ ಬೀದಿ ಅವನ ಮುಖವನ್ನೇ ನೋಡುತ್ತಿತ್ತು. ಅಭ್ಯಾಸದ ಕೈ ಚಿಂದಿಬಟ್ಟೆ ತೆಗೆದು ಸಲಾಕೆಯ ತುದಿಯನ್ನು ಒರೆಸಿಬಿಟ್ಟಿತು. ತಂಗಿ ತಾನೂ ನೋಡೋಣವೆಂದು ಕೈ ಚಾಚಿದವಳು ಹಾಗೆಯೇ ಹಿಂದಕ್ಕೆ ತೆಗೆದುಕೊಂಡಳು.

"ಏನೂ ಇಲ್ಲ" ಎಂದ ಮೇಸ್ತ್ರಿ.

"ಯಾವುದಕ್ಕೂ ಒಂದು ಗುಂಡಿ ತೋಡಿ ನೋಡೋಣ್ವಾ?" ಎಂದಳು ಎಂಜಿನಿಯರು.

"ಇಲ್ಲದ್ದಕ್ಕೆ ಯಾಕಮ್ಮ ಹಿತ್ತಲು ಹಾಳು ಮಾಡ್ತೀರ?" ಎಂದ ಮೇಸ್ತ್ರಿ.

"ಬಿಡಿ, ಹೊಲಿಗೆ ಮಿಷನ್ನಿಗೆ ಹಾಕೋ ಎಣ್ಣೆ ವಾಸನೆ ಬಂದಿರ್ಬೇಕು ಟೈಲರಮ್ಮಂಗೆ!" ಎಂದು ಬೇಕರಿಯವನು ನಗೆಚಟಾಕಿ ಹಾರಿಸಿದ. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ಆ ನಗುವಿಗಾಗಿ ಅವನು ತನ್ನನ್ನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ಎರಡು ದಿನ ಬಿಟ್ಟು ತಂಗಿಯ ಮನೆಗೆ ಹೋದ. ಕಿಟಕಿಗಳೆಲ್ಲ ಮುಚ್ಚಿದ್ದವು. ಅವಳು ಹಣೆಗೆ ಬಟ್ಟೆ ಬಿಗಿದುಕೊಂಡು ಇಸ್ತ್ರಿ ಮಾಡುತ್ತಿದ್ದಳು.

"ತಲೆನೋವೇನೇ?"

"ಸೂಜಿಗೆ ದಾರ ಪೋಣಿಸಿ ಪೋಣಿಸಿ ಕಣ್ಣು ಹೋಗ್ತಿದೆ ಅನ್ಸುತ್ತೆ. ಅದಕ್ಕೇ ಇರ್ಬೇಕು."

"ವಾಸನೆ?"

"ಬರ್ತಾನೇ ಇದೆ ಅಣ್ಣ. ಆದ್ರೆ ನೀನೇ ಇಲ್ಲ ಅಂದ್ಮೇಲೆ ಇರಲ್ಲ, ಬಿಡು. ಒಬ್ಬಳೇ ಇದ್ದು ಇದ್ದು ನನ್ನ ಮೂಗೇ ಕೆಟ್ಟಿರ್ಬೇಕು. ಗಿರಾಕಿಗಳಿಗೆ ಬರಬಾರದು ಅಂತ ಹೊಲಿದ ಬಟ್ಟೇನೆಲ್ಲ ಮತ್ತೊಮ್ಮೆ ಒಗೀತಿದೀನಿ." ಹೇಳಿ ತನ್ನಷ್ಟಕ್ಕೆ ತಾನೇ ನಾಚಿಕೊಂಡು ನಕ್ಕಳು.

ಮೇಸ್ತ್ರಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಕೆಟ್ಟ ಮೂಗು ಯಾರದೆಂದು ಬಲ್ಲವನು ಅವನೊಬ್ಬನೇ. ಆದರೂ ಬಾಯಿ ಬಿಡಲಿಲ್ಲ. ಇಲ್ಲದೆಯೂ ಇರಬಹುದಲ್ಲ, ಅವಳಿಗೆ ಭ್ರಮೆಯೇ ಇರಬಹುದಲ್ಲ ಎಂದು ಮನಸ್ಸಿಗೆ ತಾನೇ ತುಪ್ಪ ಸವರಿಕೊಂಡು ಎದ್ದು ಬಂದ. ಮನೆಯಲ್ಲಿ ಊಟಕ್ಕೆ ಕುಳಿತು ಹೆಂಡತಿಯ ಮುಖ ನೋಡಿ, "ಘಮಘಮ ಅಂತಿದೆ" ಎಂದ.

ಭಾನುವಾರ ಬೆಳಿಗ್ಗೆ ಹೆಂಡತಿ ಒಗೆಯಲು ಅವನ ಪ್ಯಾಂಟಿನ ಜೇಬು ತಡಕಿದಳು. ಚಿಂದಿಬಟ್ಟೆ ಕೈಗೆ ಬಂತು. ಅದನ್ನು ದೂರ ಹಿಡಿದುಕೊಂಡೇ ಹೊರಬಂದಳು.

"ರೀ, ಇದೇನ್ರೀ ಇದು, ವಾಂತಿ ಬರೋ ಹಾಗಿದೆ! ಯಾವ ಎಣ್ಣೆ ಡಬ್ಬಕ್ಕೆ ಅದ್ದಿದ್ರಿ?"

ಮೇಸ್ತ್ರಿ ಅದನ್ನು ಕಿತ್ತುಕೊಂಡು ಮೂಗಿಗೆ ಒತ್ತಿ ಹಿಡಿದ. ಬಾಯಿಗೆ, ಮತ್ತೆ ಮೂಗಿಗೆ. ಏನೂ ಇಲ್ಲ. ಅವತ್ತು ತಂಗಿಯ ಗೋಡೆಯ ಬುಡದಲ್ಲಿ ಸಲಾಕೆ ಒರೆಸಿದ ಬಟ್ಟೆ ಅದೇ.

"ನಂಗೆ ಗೊತ್ತಾಗಲ್ಲ ಕಣೇ."

"ಇಷ್ಟು ನಾರ್ತಿದೆ, ಏನು ಗೊತ್ತಾಗಲ್ಲ?"

"ವಾಸನೆ. ಯಾವ ವಾಸನೇನೂ ಗೊತ್ತಾಗಲ್ಲ. ಆ ಜ್ವರ ಬಂದಾಗಿಂದ."

"ಮತ್ತೆ ದಿನಾ ನನ್ನ ಅಡುಗೇನ ಹೊಗಳ್ತಿದ್ರಿ?"

"ನಿನ್ನ ಮುಖ ನೋಡಿ ಹೇಳ್ತಿದ್ದೆ."

"ಅದು ಹಾಳಾಗ್ಲಿ. ಅಲ್ಲಿ ನಿಮ್ಮ ತಂಗಿ ಮನೇಲಿ ಇಸ್ತ್ರಿ ಪೆಟ್ಟಿಗೆ ದಿನವಿಡೀ ಕಾಯ್ತಿರುತ್ತಲ್ರೀ! ಇನ್ನೂ ಕೂತಿದೀರಲ್ಲ, ಏಳಿ!"

ಓಡುತ್ತಲೇ ಎಂಜಿನಿಯರಿಗೆ ಫೋನ್ ಮಾಡಿದ. "ಮೇಡಂ, ನಾನು ಮೇಸ್ತ್ರಿ. ಅವತ್ತು ಸುಳ್ಳು ಹೇಳ್ದೆ. ನಂಗೆ ಮೂಗಿಲ್ಲ. ಅಲ್ಲಿ ಎಣ್ಣೆ ಇದೆ." ಆ ಕಡೆ ಅವಳು ಬೈಯಲೂ ಇಲ್ಲ. "ಲೈನ್ ನಿಲ್ಲಿಸ್ತೀನಿ. ಯಾರೂ ಒಲೆ ಹಚ್ಚದ ಹಾಗೆ ನೋಡ್ಕೊಳ್ಳಿ. ಎಲ್ಲರನ್ನೂ ಆಚೆ ರಸ್ತೆಗೆ ಕಳಿಸಿ," ಎಂದು ಫೋನ್ ಇಟ್ಟುಬಿಟ್ಟಳು.

ತಂಗಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಇನ್ನೂ ಒಲೆ ಹಚ್ಚಿರಲಿಲ್ಲ, ಇಸ್ತ್ರಿ ಕಾಯಲಿಕ್ಕಿಟ್ಟಿರಲಿಲ್ಲ. ಮೇಸ್ತ್ರಿ ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದ. ಅವಳು ಒದ್ದೆ ಬಟ್ಟೆಯನ್ನು ಹಿಡಿದುಕೊಂಡೇ ಕೇಳಿದಳು.

"ಹಾಗಾದ್ರೆ ನಂಗೆ ತಲೆ ಕೆಟ್ಟಿಲ್ವಾ?"

"ಇಲ್ಲ ಕಣೇ."

ಅವಳು ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಚಪ್ಪಲಿ ಮೆಟ್ಟಿ, ಅಣ್ಣನ ಮುಖ ನೋಡದೆ ಹೊರಟಳು.

ಮೇಸ್ತ್ರಿ ಮನೆಮನೆಯ ಬಾಗಿಲು ಬಡಿದ. ಪ್ರತಿ ಬಾಗಿಲಲ್ಲೂ ಅದೇ ಮಾತು: ಒಲೆ ಹಚ್ಚಬೇಡಿ, ನನ್ನ ಮೂಗು ಸತ್ತಿದೆ, ನಾನು ಹೇಳಿದ್ದು ಸುಳ್ಳು. ಉಗಿಯುತ್ತಾರೆ ಎಂದುಕೊಂಡಿದ್ದ. ಉಗಿಸಿಕೊಳ್ಳಲು ಸಿದ್ಧನಾಗಿಯೂ ಇದ್ದ. ಬೇಕರಿಯವನು ಬಾಗಿಲಲ್ಲಿ ನಿಂತು ಮಗಳ ಕೈ ಹಿಡಿದುಕೊಂಡು ತಲೆ ತಗ್ಗಿಸಿದ.

"ನಂಗೂ ಬರ್ತಿತ್ತು ಮೇಸ್ತ್ರಿ."

"ಏನು?"

"ವಾಸನೆ. ಮೊನ್ನೆಯಿಂದ. ನೀವು ಇಲ್ಲ ಅಂದಿದ್ರಲ್ಲ, ಅದಕ್ಕೇ ಸುಮ್ನಿದ್ದೆ. ಟೈಲರಮ್ಮನ್ನ ನೋಡಿ ನಕ್ಕೋನು, ಈಗ ನಾನೇ ಹೋಗಿ ಹೇಳೋದು ಹೇಗೆ ಅನ್ನಿಸ್ತು."

ಪಕ್ಕದ ಮನೆಯ ನರ್ಸಮ್ಮನೂ ಅದನ್ನೇ ಹೇಳಿದಳು. ಅದರಾಚೆಯ ಮುದುಕರೂ ಅದನ್ನೇ ಹೇಳಿದರು. ಮೇಸ್ತ್ರಿ ಅವರ ಗೇಟು ಹಿಡಿದುಕೊಂಡು ನಿಂತುಬಿಟ್ಟ. ತನ್ನದೊಂದು ಮೂಗು ಹೋಯಿತೆಂದು ಮುಚ್ಚಿಡಲು ಹೋಗಿ ಬೀದಿಯ ಮೂಗುಗಳನ್ನೆಲ್ಲ ಮುಚ್ಚಿಸಿದ್ದ. ನಾಳೆ ಸೋಮವಾರ, ಪೂರ್ತಿ ಒತ್ತಡ ಕೊಡಬೇಕಿದ್ದ ದಿನ.

ಅಗೆದರು. ತಂಗಿಯ ಗೋಡೆಯ ಬುಡದಲ್ಲಿ ಮಣ್ಣು ಕಪ್ಪಾಗಿ ಜಿಡ್ಡುಗಟ್ಟಿತ್ತು. ಹಳೆಯ ಬೆಸುಗೆಯೊಂದರಿಂದ ಎಣ್ಣೆ ಕಣ್ಣೀರಿನಷ್ಟೇ ಒಸರುತ್ತಿತ್ತು. ಪೂರ್ತಿ ಒತ್ತಡ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಬೇಕರಿಯವನು ಕೇಳಿದ. ಎಂಜಿನಿಯರು ತಂಗಿಯ ಮನೆಯ ಅಡುಗೆಕೋಣೆಯ ಕಿಟಕಿಯತ್ತ ಒಮ್ಮೆ ನೋಡಿದಳು.

ಬೀದಿಯುದ್ದಕ್ಕೂ ಪೈಪು ಬದಲಾಯಿತು. ಆದರೂ ಯಾರೂ ಮೇಸ್ತ್ರಿಯನ್ನು ಬೈಯಲಿಲ್ಲ. "ವಯಸ್ಸಾಯ್ತು, ಪಾಪ" ಎಂದರು. ಎದುರಿಗೆ ಸಿಕ್ಕರೆ ಎಂದಿನಂತೆ ನಮಸ್ಕಾರ ಹೇಳಿದರು. ಇದಕ್ಕಿಂತ ಕೆನ್ನೆಗೆರಡು ಬಿಗಿದಿದ್ದರೆ ಚೆನ್ನಾಗಿತ್ತು ಎಂದು ಅವನು ಹೆಂಡತಿಯ ಮುಂದೆ ಅತ್ತ. ಹೆಂಡತಿ, "ಅಳೋದು ಆಮೇಲೆ, ಮೊದಲು ಉಣ್ಣಿ" ಎಂದಳು. ಅಡುಗೆ ಹೇಗಿದೆ ಎಂದು ಮಾತ್ರ ಅಂದಿನಿಂದ ಕೇಳಲಿಲ್ಲ.

ಮತ್ತೆ ಎಣ್ಣೆ ಬಿಟ್ಟಾಗ ಲೈನಿನ ಮೇಲೆ ಬೀದಿಯವರೇ ಒಬ್ಬರು ನಡೆಯಬೇಕು ಎಂದು ಎಂಜಿನಿಯರು ಕೇಳಿದಳು. ಎಲ್ಲರೂ ತಂಗಿಯ ಹೆಸರು ಹೇಳಿದರು. ಸಲಾಕೆ ಚುಚ್ಚಿ ಎಳೆಯಲು ತೋಳಿನ ಕಸುವು ಬೇಕು, ಅದಕ್ಕೆ ಮೇಸ್ತ್ರಿ ತಾನಾಗಿಯೇ ಹೋದ. ಅಣ್ಣ ತಂಗಿ ಹುಲ್ಲಿನ ಪಟ್ಟಿಯ ಮೇಲೆ ನಡೆದರು. ಅವಳ ಗೋಡೆಯ ಬುಡಕ್ಕೆ ಬಂದಾಗ ಅವನು ಸಲಾಕೆ ಚುಚ್ಚಿದ, ಎಳೆದ. ಕೈ ತಾನಾಗಿಯೇ ಜೇಬಿಗೆ ಹೋಯಿತು. ಅದನ್ನು ತಡೆದು, ಒರೆಸದ ತುದಿಯನ್ನು ಅವಳಿಗೆ ಹಿಡಿದ.

ತಂಗಿ ಬಗ್ಗಿ ಮೂಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು.

"ಮಣ್ಣಿನ ವಾಸನೆ ಅಷ್ಟೇ ಅನ್ಸುತ್ತೆ" ಎಂದಳು. ಆಮೇಲೆ ತಲೆಯೆತ್ತಿ, ಮದುವೆಗೂ ಮುಂಚೆ ಎಲ್ಲದಕ್ಕೂ ಅವನನ್ನೇ ಕೇಳುತ್ತಿದ್ದಂತೆ, ಅಣ್ಣನ ಮುಖ ನೋಡಿದಳು. "ಹೌದಲ್ವಾ ಅಣ್ಣ?"