ಬಂಡೆಗಿಡದ ಹೆಸರು

ಕಿಗ್ಗದ ಸೀತಕ್ಕನಿಗೆ ಅನುಮಾನ ಹುಟ್ಟುಗುಣ. ಯಾರಾದರೂ ನಕ್ಕು ಮಾತಾಡಿಸಿದರೆ ಇವರಿಗೆ ಏನು ಬೇಕಪ್ಪಾ ಎಂದೇ ಮೊದಲು ಯೋಚಿಸುವವಳು. ತಪ್ಪೂ ಅಲ್ಲ. ಕಂಡವರ ತೋಟದಲ್ಲಿ ಕಳೆ ಕಿತ್ತು ಕಟ್ಟಿಕೊಂಡ ಮನೆಗೆ ಇನ್ನೂ ಹಕ್ಕುಪತ್ರವಿಲ್ಲ. ಇದು ಕಾಡಿನ ಜಾಗ ಎಂದು ಯಾವತ್ತು ಯಾರು ಎಬ್ಬಿಸುತ್ತಾರೋ ಎಂಬ ಭಯ ಅವಳ ಜೊತೆಗೇ ಉಂಡು ಮಲಗುತ್ತಿತ್ತು.

ಹೀಗಿರುವಾಗ ಒಂದು ದಿನ, ಕೊಪ್ಪದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಗಗನಾ ಆ ಮನೆಯ ಹಿಂದಿನ ಹಾಸುಬಂಡೆಯ ಮೇಲೆ ಬೋರಲು ಮಲಗಿ ಒಂದು ಗಿಡದ ಫೋಟೋ ತೆಗೆಯುತ್ತಿದ್ದಳು. ಗೇಣುದ್ದದ ಗಿಡ, ಮುರಿದರೆ ನೀರು ಒಸರುವ ದಪ್ಪ ಎಲೆ. ಸೀತಕ್ಕ ಮರದ ಮರೆಯಲ್ಲಿ ನಿಂತು ನೋಡಿ ನೋಡಿ ಕೊನೆಗೆ ಎದುರಿಗೇ ಬಂದಳು.

“ಇದು ಯಾವಾಗ ಹೂ ಬಿಡ್ತದೆ ಅಕ್ಕ?” ಗಗನಾ ಕೇಳಿದಳು.

ಹೇಳಬಾರದು ಎಂದುಕೊಂಡರೂ ಗೊತ್ತಿದ್ದದ್ದು ಸೀತಕ್ಕನ ಬಾಯಿಗೆ ಬಂದೇಬಿಟ್ಟಿತು. “ದೀಪಾವಳಿ ಕಳೆದ ಮೇಲೆ. ಬಿಸಿಲು ಇಳಿದ ಮೇಲೇ ಅರಳೋದು.”

“ನಿಮ್ಮ ಹೆಸರೆಂತ?”

ಸೀತಕ್ಕ ಎಚ್ಚೆತ್ತಳು. ಹೆಸರು ಕೊಟ್ಟರೆ ಮನೆ ಹೋದ ಹಾಗೆ. “ನೀಲಾಂಬಿಕೆ” ಎಂದಳು. ನೀಲಾಂಬಿಕೆ ಪಕ್ಕದ ಮನೆಯವಳು; ಬೇಲಿ ಒತ್ತಿದಳೆಂದು ಸೀತಕ್ಕ ಅವಳ ಜೊತೆ ಮಾತು ಬಿಟ್ಟಿದ್ದಳು. ಬಂದದ್ದು ಅವಳ ತಲೆಗೇ ಬರಲಿ.

ಗಿಡ ಹೂ ಬಿಟ್ಟಿತು. ಇದು ಯಾವ ಪುಸ್ತಕದಲ್ಲೂ ಇಲ್ಲದ ಜಾತಿ ಎಂದು ಬಲ್ಲವರು ಒಪ್ಪಿದರು. ಮರುವರ್ಷ ಗಗನಾ ನೀಲಾಂಬಿಕೆಯ ಮನೆ ಕೇಳಿಕೊಂಡು ಬಂದಾಗ ಊರವರು ನಿಜವಾದ ನೀಲಾಂಬಿಕೆಯ ಅಂಗಳಕ್ಕೇ ಕಳಿಸಿದರು. ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಸೀತಕ್ಕನನ್ನು ಕಂಡು ಗಗನಾ ಅಲ್ಲಿಂದಲೇ ಕೂಗಿದಳು.

“ನೀಲಾಂಬಿಕಕ್ಕ, ಆ ಗಿಡಕ್ಕೆ ನಿಮ್ಮ ಹೆಸರೇ ಇಟ್ಟಿದ್ದೀವಿ. ಲ್ಯಾಟಿನ್ ಹೆಸರಿನ ಕೊನೇಲಿ ನೀವೇ ಇದ್ದೀರಿ. ಅಚ್ಚಾಗಿದೆ, ಇನ್ನು ಯಾರೂ ಬದಲಾಯಿಸೋ ಹಾಗಿಲ್ಲ.”

ಸೀತಕ್ಕ ಹಿಂಡಿದ್ದ ಬಟ್ಟೆಯನ್ನೇ ಮತ್ತೆ ಹಿಂಡಿದಳು. ಅಂಗಳದಲ್ಲೇ ನಿಂತಿದ್ದ ನೀಲಾಂಬಿಕೆ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು.

“ಹೌದು, ಅವಳೇ ನೀಲಾಂಬಿಕೆ” ಎಂದಳು ಗಗನಾಳಿಗೆ.

ಗಗನಾ ಹೋದ ಮೇಲೆ ಸೀತಕ್ಕ ಬೇಲಿಯ ಹತ್ತಿರ ಬಂದಳು. “ಎಂತಕ್ಕೆ ಹಂಗೆ ಹೇಳ್ದೆ?”

“ನೀನು ಸುಳ್ಳು ಹೆಸರು ಕೊಟ್ಟಿದ್ದು ಗೊತ್ತಾದ್ರೆ ಯಾಕೆ ಅಂತ ಕೇಳ್ತಾರೆ ಮಾರಾಯ್ತಿ. ಕೇಳ್ತಾ ಹೋದ್ರೆ ಇವತ್ತು ನಿನ್ನ ಮನೆ, ನಾಳೆ ನನ್ನದು. ಹೆಸರು ತಾನೇ, ಇಟ್ಕೋ.”

ಸೀತಕ್ಕನಿಗೆ ನಿಜಕ್ಕೂ ನಾಚಿಕೆಯಾಯಿತು. ಕಣ್ಣು ತುಂಬಿ ಬಂತು. ಒಂದು ಚೊಂಬು ಮಜ್ಜಿಗೆ ತಂದು ಬೇಲಿಯ ಮೇಲಿಂದ ಕೊಟ್ಟಳು. ನೀಲಾಂಬಿಕೆ ಕುಡಿದು, ಚೊಂಬು ಕೊಟ್ಟು ಒಳಗೆ ಹೋದಳು.

ಅವಳ ಬಾಗಿಲು ಮುಚ್ಚಿದ್ದನ್ನು ನೋಡಿಕೊಂಡು ಸೀತಕ್ಕ ಬೇಲಿಯ ಉದ್ದಕ್ಕೂ ನಡೆದಳು, ಯಾವುದಾದರೂ ಗೂಟ ಇತ್ತ ಸರಿದಿದೆಯೋ ಎಂದು ಒಂದೊಂದನ್ನೇ ಅಲುಗಿಸಿ ನೋಡುತ್ತ.