ನಾಯಿ ತಿರುಗಾಡಿಸಲು ಕೊಂಡ ಬೂಟುಗಳು

ಐವತ್ತೆಂಟು ವರ್ಷ ಚಪ್ಪಲಿಯಲ್ಲೇ ಕಳೆದವನು ನಾನು. ಮದುವೆಯ ದಿನ ಮಾವ ಕೊಡಿಸಿದ ಬೂಟು ಹಾಕಿದ್ದೆ, ಅವು ಸಂಜೆಯ ಹೊತ್ತಿಗೆ ಎರಡೂ ಹಿಮ್ಮಡಿ ಸುಲಿದಿದ್ದವು. ಅಂಥವನು ಒಂದೇ ವರ್ಷದಲ್ಲಿ ನಾಲ್ಕು ಜೊತೆ ಬೂಟು ಕೊಂಡೆ, ನಾಲ್ಕೂ ನಾಯಿ ತಿರುಗಾಡಿಸುವುದಕ್ಕೆ. ಬ್ಯಾಡಗಿ ಪೇಟೆಯಲ್ಲಿ ಈ ಮಾತು ತೆಗೆದರೆ ಈಗಲೂ ನಗುತ್ತಾರೆ. ನಗುವವರು ನಗಲಿ, ಕಾಲು ನನ್ನದು.

ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಮೂರು ವರ್ಷದ ಹಿಂದೆ ಅಂಗಡಿ ಮುಂದಿನ ಚೀಲಗಳ ಸಂದಿಯಲ್ಲಿ ಒಂದು ಕಂದು ಮರಿ ಮಲಗಿತ್ತು. ಬೀದಿ ನಾಯಿಯದೇ ಮರಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಮನೆಗೆ ತಂದಾಗ ಹೆಂಡತಿ ಮೊದಲು ನನ್ನನ್ನು ಬೈದಳು, ಆಮೇಲೆ ಅದಕ್ಕೆ ರೊಟ್ಟಿ ಹಾಕಿದಳು. ಅದೀಗ ದಿನಾ ಬೆಳಿಗ್ಗೆ ಆರಕ್ಕೆ ಕದ ಕೆರೆದು ನನ್ನನ್ನು ಎಬ್ಬಿಸುತ್ತದೆ. ಬೇರೆ ಯಾರು ಹಗ್ಗ ಹಿಡಿದರೂ ಹೊಸ್ತಿಲು ದಾಟುವುದಿಲ್ಲ. ನನ್ನ ಸಕ್ಕರೆ ಕಾಯಿಲೆಗೆ ಹನ್ನೆರಡು ವರ್ಷ. ಮಾತ್ರೆಗಳು ಮಾಡದ ಕೆಲಸವನ್ನು ಈ ನಾಯಿ ಮಾಡಿದೆ ಎಂದು ನಾನು ಎಲ್ಲರೆದುರು ಹೇಳುತ್ತೇನೆ.

ಹೋದ ವರ್ಷದ ಮಳೆಗಾಲದಲ್ಲಿ ಒದ್ದೆ ಚಪ್ಪಲಿಯ ಬಾರು ತಿಕ್ಕಿ ಬಲಗಾಲಿನ ಕಿರುಬೆರಳಿಗೆ ಹುಣ್ಣಾಯಿತು. ಮೂರು ತಿಂಗಳು ಮಾಯಲಿಲ್ಲ. ಕಡೆಗೊಮ್ಮೆ ಮಾಯ್ದಾಗ ಹಾವೇರಿಯ ಡಾಕ್ಟರು ಕನ್ನಡಕ ತೆಗೆದಿಟ್ಟು ಹೇಳಿದರು: "ಸಾವ್ಕಾರ್ರ, ಈ ಸಲ ಬೆರಳು ಉಳೀತು. ಇನ್ನೊಮ್ಮಿ ಹುಣ್ಣಾದ್ರ ಬೆರಳಿಗೆ ಮುಗಿಯೂದಿಲ್ಲ, ಕಾಲಿಗೇ ಬರತೈತಿ. ನಡಿಯೂದು ಬಿಡಬ್ಯಾಡ್ರಿ. ಆದ್ರ ಕಾಲು ಒಣಾ ಇರಬೇಕು, ಬೆಚ್ಚಗಿರಬೇಕು. ಬರಿಗಾಲು ಅಂತೂ ಬ್ಯಾಡೇ ಬ್ಯಾಡ."

ಆಮೇಲೆ ಕಾಲಿಗೆ ಸ್ಪರ್ಶ ತಿಳಿಯುತ್ತದೋ ಇಲ್ಲವೋ ನೋಡಲು ನನ್ನನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಒಂದು ಸಣ್ಣ ದಾರದ ತುದಿಯಿಂದ ಪಾದವನ್ನು ಅಲ್ಲಲ್ಲಿ ಮುಟ್ಟಿದರು. ಮುಟ್ಟಿದಾಗ ಹೂಂ ಅನ್ನಬೇಕು. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ನಾನು ರೆಪ್ಪೆಯ ಸಂದಿಯಿಂದ ಅವರ ಮೊಣಕೈ ನೋಡುತ್ತಿದ್ದೆ. ಮೊಣಕೈ ಅಲ್ಲಾಡಿದಾಗೆಲ್ಲ ಹೂಂ ಅಂದೆ. ನಲವತ್ತು ವರ್ಷ ವ್ಯಾಪಾರ ಮಾಡಿದವನಿಗೆ ಎದುರಿನವರ ಕೈ ಓದುವುದು ಕಷ್ಟವಲ್ಲ. ಡಾಕ್ಟರು ಪರವಾಗಿಲ್ಲ ಎಂದು ಬರೆದುಕೊಂಡರು. ಖರೆ ಹೇಳಬೇಕೆಂದರೆ ಎರಡು ವರ್ಷದಿಂದ ನನ್ನ ಪಾದ ಜೋಮು ಹಿಡಿದಂತಿತ್ತು. ನನ್ನ ತಂದೆಗೆ ಇದೇ ಕಾಯಿಲೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದ್ದರು. ಅದು ಜೋಮಿನಿಂದಲೇ ಶುರುವಾಗಿದ್ದು. ನನಗೆ ಭಯವಿತ್ತು, ಅಷ್ಟೇ. ಹೇಳದಿದ್ದರೆ ಇರುವುದಿಲ್ಲ ಎಂದುಕೊಂಡಿದ್ದೆ.

ಶನಿವಾರ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಬರಿಗಾಲಲ್ಲಿ ನಡೆದು ಹೋಗುವುದನ್ನು ಅಂದಿಗೆ ನಿಲ್ಲಿಸಿದೆ. ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದವನಿಗೆ ಹೆಂಡತಿ, "ಹನುಮಪ್ಪ ನಿಮ್ಮ ಹಿಮ್ಮಡಿ ನೋಡ್ತಾನೇನ್ರಿ? ಗಾಡಿ ಮ್ಯಾಲ ಹೋಗಿ ಕೈ ಮುಗದು ಬರ್ರಿ" ಅಂದಳು. ನಾನು ಬೂಟು ಹುಡುಕಲು ಹೊರಟೆ.

ಮೊದಲನೆಯದು ಬಟ್ಟೆಯ ಬೂಟು. ನಮ್ಮ ದಾರಿ ಮನೆಯಿಂದ ಹೊರಟು, ಊರ ಹೊರಗಿನ ಎರೆ ಹೊಲಗಳ ಬದುವಿನ ಮೇಲೆ ಒಂದು ಸುತ್ತು. ಎರೆ ಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಹಿಟ್ಟು. ನಾಲ್ಕು ಹೆಜ್ಜೆಗೆ ಬೂಟಿನ ಅಡಿಗೆ ಇನ್ನೊಂದು ಬೂಟು ಅಂಟುತ್ತಿತ್ತು, ಹುಲ್ಲಿನ ಮೇಲಿನ ನೀರು ಬಟ್ಟೆಯೊಳಗೆ ಇಳಿಯುತ್ತಿತ್ತು. ಹದಿನೈದು ದಿನಕ್ಕೆ ಅವನ್ನು ಬಿಟ್ಟೆ.

ಎರಡನೆಯದು ಹೊಲಕ್ಕೆ ನೀರು ಹಾಯಿಸುವವರು ಹಾಕುವ ರಬ್ಬರ್ ಬೂಟು, ಮೊಣಕಾಲುದ್ದದ್ದು. ನಾಯಿ ಮೊದಲ ದಿನ ಅದಕ್ಕೆ ಬೊಗಳಿತು. ನೀರು ಹೊರಗಿನಿಂದ ಬರಲಿಲ್ಲ ನಿಜ, ಆದರೆ ಬೆವರು ಒಳಗೇ ನಿಂತು ಕಾಲುಚೀಲ ಹಿಂಡುವಂತಾಗುತ್ತಿತ್ತು. ಚಳಿ ಶುರುವಾದ ಮೇಲೆ ತೆಗೆದು ನೋಡಿದರೆ ಪಾದ ಹೆಣದ ಪಾದದಂತೆ ಬೆಳ್ಳಗೆ. ತಣ್ಣಗಾಗಿದೆ ಎಂದು ಗೊತ್ತಾಗುತ್ತಿದ್ದುದು ಕೈಯಿಂದ ಮುಟ್ಟಿದಾಗ. ಅದನ್ನೂ ನಾನು ಯಾರಿಗೂ ಹೇಳಲಿಲ್ಲ.

ಮೂರನೆಯದಕ್ಕೆ ರಾಣೆಬೆನ್ನೂರಿಗೆ ಹೋದೆವು. ಬಸ್‌ಸ್ಟ್ಯಾಂಡಿನಿಂದ ಆಟೋ ಹಿಡಿದು ದೊಡ್ಡ ಅಂಗಡಿಯೊಂದಕ್ಕೆ. ಹೆಂಡತಿ ಮನೆಯಿಂದಲೇ ಕಸಬರಿಗೆಯ ಕಡ್ಡಿಯೊಂದನ್ನು ನನ್ನ ಪಾದದ ಉದ್ದಕ್ಕೆ ಮುರಿದು ತಂದಿದ್ದಳು. ನಮ್ಮ ಕಡೆ ಮನೆಯಲ್ಲಿ ಉಳಿದವರಿಗೆ ಚಪ್ಪಲಿ ತರಬೇಕಾದರೆ ಹೀಗೆ ಅಳತೆ ಒಯ್ಯುವುದು ರೂಢಿ. ಅಂಗಡಿಯಲ್ಲಿ ಆಕೆ ಅದನ್ನು ಸೆರಗಿನಿಂದ ತೆಗೆದಾಗ ನನಗೆ ಸಿಟ್ಟು ಬಂತು.

"ನಾನಽ ಬಂದೇನಿ, ನನ್ನ ಕಾಲೂ ಬಂದಾವು. ಕಡ್ಡಿ ಯಾಕ?"

"ಇರ್ಲಿ ಬಿಡ್ರಿ, ಕಡ್ಡಿ ಅನ್ನ ಕೇಳತೈತೇನು?"

ಅಂಗಡಿಯಾತ ಗಂಭೀರ ಮನುಷ್ಯ, ನನ್ನ ವಯಸ್ಸಿನವನೇ. ಕಣಕಾಲು ಮುಚ್ಚುವ, ಒಳಗೆ ದಪ್ಪ ಉಣ್ಣೆಯಂಥ ಅಸ್ತರಿದ್ದ, ನೀರು ಇಳಿಯದ ಬೂಟು ತೆಗೆದ. ಕೂತು ಹಾಕಿಕೊಂಡೆ. ಕನ್ನಡಿಯಲ್ಲಿ ಚೆನ್ನಾಗಿ ಕಂಡವು.

"ಬಿಗಿ ಆಗತಾವೇನ್ರಿ ಸಾವ್ಕಾರ್ರ?"

"ಇಲ್ಲಪಾ, ಬರೋಬ್ಬರಿ ಆಗ್ಯಾವು."

ಹೆಂಡತಿ ಒಂದು ಬೂಟು ಕಳಚಿಸಿ ಒಳಗೆ ಕಡ್ಡಿ ಇಳಿಸಿ ನೋಡಿದಳು. ಅದು ತುದಿಯಲ್ಲಿ ಬಾಗಿತು. "ಒಂದು ನಂಬರ್ ದೊಡ್ಡದು ತಗೋರಿ" ಅಂದಳು. ಕಾಲು ನಿನ್ನದೋ ನನ್ನದೋ ಅಂದೆ. ಆಕೆ ಕಡ್ಡಿಯನ್ನು ಮತ್ತೆ ಸೆರಗಿಗೆ ಸಿಕ್ಕಿಸಿಕೊಂಡಳು. ಬಿಗಿಯೋ ಸಡಿಲೋ ನನಗೆ ಗೊತ್ತೇ ಇರಲಿಲ್ಲ. ಕನ್ನಡಿ ಹೇಳಿದ್ದನ್ನು ನಾನು ಹೇಳಿದ್ದೆ.

ಒಂದು ತಿಂಗಳು ರಾಜನ ಹಾಗೆ ನಡೆದೆ. ಇಬ್ಬನಿ ಬಿದ್ದ ಹುಲ್ಲಿನಲ್ಲಿ ನಾಯಿಯ ಹೊಟ್ಟೆ ತೊಯ್ದರೂ ನನ್ನ ಕಾಲುಚೀಲ ಒಣಗಿರುತ್ತಿತ್ತು. ಆಮೇಲೆ ಚಳಿಗಾಲದ ನಡುವೆ ಅಕಾಲದ ಮಳೆ ಬಂತು. ಮೆಣಸಿನಕಾಯಿ ಒಣಹಾಕಿದವರೆಲ್ಲ ತಾಡಪಾಲು ಹಿಡಿದು ಓಡುತ್ತಿದ್ದ ಆ ಬೆಳಿಗ್ಗೆ, ನಾಯಿ ಅಳಿಲಿನ ಹಿಂದೆ ಜಿಗಿದು ನನ್ನನ್ನು ಕಾಲುವೆಗೆ ಎಳೆಯಿತು. ನೀರು ಬೂಟಿನ ಮೇಲಿನಿಂದ ಒಳಗೆ ಹೋಯಿತು. ನೀರು ಒಳಗೆ ಬಿಡದ ಬೂಟು ಹೊರಗೂ ಬಿಡುವುದಿಲ್ಲ ಎಂದು ಅಂದು ತಿಳಿಯಿತು.

ಬಿಸಿಲಿರಲಿಲ್ಲ. ಅಂಗಡಿಗೆ ಒಯ್ದು, ನಮ್ಮ ಪೇಟೆಯವರು ಮಾತ್ರ ಮಾಡಬಹುದಾದ ಕೆಲಸ ಮಾಡಿದೆ. ಹರಿದ ಮೆಣಸಿನಕಾಯಿ ಚೀಲವೊಂದನ್ನು ತುಂಡು ಮಾಡಿ ಎರಡೂ ಬೂಟಿನೊಳಗೆ ಗಿಡಿದು ತುಂಬಿದೆ. ಗೋಣಿ ನೀರು ಚೆನ್ನಾಗಿ ಹೀರುತ್ತದೆ. ಹಮಾಲನೊಬ್ಬ "ಖಾರ ಹತ್ತೀತ್ರಿ" ಎಂದು ಎಚ್ಚರಿಸಿದ. "ಬ್ಯಾಡಗಿ ಕಾಯಾಗ ಬಣ್ಣ ಐತಿ, ಖಾರ ಎಲ್ಲೈತಿ?" ಎಂದು ನಕ್ಕೆ. ಊರಿನ ಹೆಮ್ಮೆಯ ಮಾತು ಅದು, ದಿನಕ್ಕೆ ಹತ್ತು ಸಲ ಹೇಳುವಂಥದ್ದು. ಆ ಚೀಲ ಆಂಧ್ರದ ಕಡೆಯಿಂದ ಬಂದ ಉರಿಖಾರದ ಕಾಯಿಯದ್ದು ಎಂದು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಗೋಣಿ ಎಳೆದು ತೆಗೆದು ಬೂಟು ಹಾಕಿಕೊಂಡೆ. ಒಳಗೆ ಇನ್ನೂ ಸ್ವಲ್ಪ ತೇವವಿತ್ತು. ನನ್ನ ಕೈಗೂ ಮೂಗಿಗೂ ಮೆಣಸಿನಕಾಯಿ ಹತ್ತುವುದು ಯಾವತ್ತೋ ನಿಂತಿದೆ. ನಾಯಿ ಬೂಟಿನ ಹತ್ತಿರ ಮೂಸಿ, ಸಾಲಾಗಿ ಆರೇಳು ಸಲ ಸೀನಿ, ಹೊಸ್ತಿಲಲ್ಲೇ ಕೂತುಬಿಟ್ಟಿತು. ಹಗ್ಗ ಎಳೆದರೂ ಏಳಲಿಲ್ಲ. ಮೂರು ವರ್ಷದಲ್ಲಿ ಅದು ನನ್ನ ಜೊತೆ ಬರಲು ಒಲ್ಲೆ ಅಂದದ್ದು ಅದೇ ಮೊದಲು. ಸೊಕ್ಕು ಬಂದಿದೆ ಎಂದು ಬೈದು, ಎಳೆದುಕೊಂಡೇ ಹೋದೆ. ಒಂದು ತಾಸು ಸುತ್ತಿದೆವು. ಅದು ದಾರಿಯುದ್ದಕ್ಕೂ ಹಗ್ಗದ ತುದಿಯಲ್ಲೇ ಇತ್ತು, ಮೂಗು ಆಚೆ ಮಾಡಿಕೊಂಡು.

ಮನೆಗೆ ಬಂದು ಬೂಟು ಕಳಚಿ ಪಡಸಾಲೆಯ ಕಂಬಕ್ಕೆ ಒರಗಿ ಪೇಪರ್ ಹಿಡಿದೆ. ಹೆಂಡತಿ ಬೂಟು ಒಣಹಾಕಲು ಎತ್ತಿಕೊಂಡು, ಒಳಗೆ ಕೈ ಹಾಕಿ ಒದ್ದೆ ಅಸ್ತರನ್ನು ತಿಕ್ಕಿ ನೋಡಿದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ಮಜ್ಜಿಗೆಯ ಬೋಗುಣಿ ತಂದು ನನ್ನ ಕಾಲ ಬಳಿ ಕೂತಳು.

"ಕೈ ಬೆಂಕಿ ಬಿದ್ದಂಗ ಉರಿಯಾಕತ್ತಾವು. ನಿಮ್ಮ ಕಾಲು ಉರಿಯವಲ್ವೇನ್ರಿ?"

"ಇಲ್ಲಲ್ಲ."

ಆಕೆ ನನ್ನ ಕಾಲುಚೀಲ ಎಳೆದು ತೆಗೆದಳು. ಪಾದ ಕಣಕಾಲಿನವರೆಗೆ ಕೆಂಪಗೆ ಕುದಿಸಿದಂತಿತ್ತು. ಬೆರಳ ಸಂದಿಯಲ್ಲಿ ಸಣ್ಣ ಬೊಬ್ಬೆಗಳು ಎದ್ದಿದ್ದವು. ಬಲಗಾಲಿನ ಎರಡು ಉಗುರು ಕಪ್ಪಾಗಿದ್ದವು, ಅದು ಮೆಣಸಿನಕಾಯಿಯ ಕೆಲಸವಲ್ಲ, ಬಿಗಿ ಬೂಟಿನದು. ನಾನು ನೋಡಿದೆ. ಬೇರೆ ಯಾರದೋ ಕಾಲು ನೋಡಿದಂತೆ ನೋಡಿದೆ.

ಆಕೆ ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ.

"ಕಣ್ಣು ಮುಚ್ರಿ" ಅಂದಳು. "ಈ ಸಲ ಕಳ್ಳಗಣ್ಣಿಲೆ ನೋಡಬ್ಯಾಡ್ರಿ. ಡಾಕ್ಟರ್ ಕಡೆ ನೋಡಿದ್ದು ನನಗ ಗೊತ್ತೈತಿ."

ಮುಚ್ಚಿದೆ, ಗಟ್ಟಿಯಾಗಿ.

"ಯಾವ ಬೆರಳು ಹಿಡದೇನಿ, ಹೇಳ್ರಿ."

ಮನಸ್ಸನ್ನೆಲ್ಲ ಪಾದಕ್ಕೆ ಇಳಿಸಿ ಹುಡುಕಿದೆ. ಏನೋ ತಿಳಿದಂತಾಯಿತು. ತಿಳಿಯಲೇಬೇಕಿತ್ತು ನನಗೆ.

"ಹೆಬ್ಬೆರಳು. ಬಲಗಾಲಿಂದು" ಅಂದೆ.

ಕಣ್ಣು ತೆಗೆದೆ. ಆಕೆಯ ಎರಡೂ ಕೈ ಮಣಿಕಟ್ಟಿನವರೆಗೆ ಮಜ್ಜಿಗೆಯಲ್ಲಿ ಮುಳುಗಿದ್ದವು.

ಅಂದೇ ಹಾವೇರಿಗೆ ಹೋದೆವು. ಡಾಕ್ಟರ ಮುಂದೆ ಎಲ್ಲ ಹೇಳಿಕೊಂಡೆ, ನನ್ನ ತಂದೆಯ ಕಾಲಿನ ಸುದ್ದಿಯನ್ನೂ. ಅವರು ಸಿಟ್ಟು ಮಾಡಲಿಲ್ಲ, ಹಳೆಯ ಚೀಟಿಯಲ್ಲಿ ಬರೆದದ್ದನ್ನು ಗೀಟು ಹಾಕಿ ಹೊಡೆದುಹಾಕಿದರು. ಆರು ವಾರ ಹೊಸ್ತಿಲು ದಾಟಲಿಲ್ಲ. ನಾಯಿ ಕದ ಕೆರೆಯುವುದನ್ನು ಬಿಟ್ಟು ನನ್ನ ಹಾಸಿಗೆಯ ಪಕ್ಕ ಮಲಗುತ್ತಿತ್ತು. ಕಾಲು ಉಳಿಯಿತು.

ನಡೆಯಲು ಅಪ್ಪಣೆ ಸಿಕ್ಕ ಮೇಲೆ ಮತ್ತೆ ರಾಣೆಬೆನ್ನೂರು, ಅದೇ ಅಂಗಡಿ. ಹೆಂಡತಿಯ ಸೆರಗಿನಲ್ಲಿ ಹೊಸ ಕಡ್ಡಿ, ಪಾದಕ್ಕಿಂತ ಹೆಬ್ಬೆರಳಗಲ ಉದ್ದ ಮುರಿದದ್ದು. ಅಂಗಡಿಯಾತ ಅದೇ ಬಗೆಯ ಬೂಟಿನಲ್ಲಿ ಒಂದು ನಂಬರ್ ದೊಡ್ಡದು ತೆಗೆದು, ನನ್ನ ಕಾಲಿಗೆ ಹಾಕಿ, ತಲೆ ಎತ್ತಿ ಕೇಳಿದ:

"ಬಿಗಿ ಆಗತಾವೇನ್ರಿ ಸಾವ್ಕಾರ್ರ?"

"ನನ್ನ ಕೇಳಬ್ಯಾಡಪಾ" ಅಂದೆ. "ಆಕಿನ್ನ ಕೇಳು."